ಬಾಯಿ ಆಡಿಸುವ ಮೇಳ

ಬಕೆಟ್ಟಿನ ತಳದಲ್ಲಿ ಉಳಿದಿದ್ದ ಕೊನೆಯ ಬೆಡ್‌ಶೀಟನ್ನು ಹಿಂಡಿ, ಅದರ ಒಂದು ತುದಿಯನ್ನು ಹಗ್ಗದ ಮೇಲೆ ಎಸೆದು, ಇನ್ನೊಂದು ತುದಿ ಹಿಡಿಯಲು ಅಮ್ಮ ಮಗಳನ್ನು ಕೂಗಿದಳು. ದೊಡ್ಡ ಬೆಡ್‌ಶೀಟು ಒಣಹಾಕುವುದು ಆ ಮನೆಯಲ್ಲಿ ಇಬ್ಬರ ಕೆಲಸ. ಅಮ್ಮ ಈ ಕಡೆ, ಮಗಳು ಆ ಕಡೆ. ಮಗಳು ಗಂಟಲೆತ್ತಿ ಒಂದು ಹಾಡು ಶುರುಮಾಡಬೇಕು, ಹಾಡಿನ ತಾಳಕ್ಕೆ ಇಬ್ಬರೂ ಬಟ್ಟೆ ಜಾಡಿಸಬೇಕು, ಆ ಸದ್ದಿಗೆ ಪಕ್ಕದ ಮನೆಯ ಬೆಕ್ಕು ಗೋಡೆಯಿಂದ ಹಾರಿ ಓಡಬೇಕು. ಅಷ್ಟಾದರೆ ಬೆಳಗಾಯಿತು ಎಂದು ಲೆಕ್ಕ.

ಇವತ್ತು ಬೆಕ್ಕು ಗೋಡೆಯ ಮೇಲೆ ನಿಶ್ಚಿಂತೆಯಿಂದ ಮೈ ನೆಕ್ಕಿಕೊಳ್ಳುತ್ತಿತ್ತು.

"ಪೀಪೀ! ಕೇಳಿಸ್ತಾ ಇಲ್ವಾ?"

ಅಮ್ಮ ಬೆಡ್‌ಶೀಟನ್ನು ಮುದ್ದೆ ಮಾಡಿ ಹಗ್ಗಕ್ಕೆ ನೇತುಹಾಕಿ, ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಬೀರುವಿನ ಕನ್ನಡಿಯ ಮುಂದೆ ಮಗಳು ನಿಂತಿದ್ದಳು. ಅರ್ಧ ಹೆಣೆದ ಜಡೆ, ಒಂದೇ ಕಾಲಿಗೆ ಸಾಕ್ಸು. ಬಾಯನ್ನು ಬಾವಿಯಷ್ಟು ಅಗಲ ತೆರೆಯುತ್ತಾಳೆ, ಮುಚ್ಚುತ್ತಾಳೆ, ಹುಬ್ಬು ಏರಿಸುತ್ತಾಳೆ, ಕತ್ತು ತೂಗುತ್ತಾಳೆ. ಸದ್ದು ಮಾತ್ರ ಒಂದಿಷ್ಟೂ ಇಲ್ಲ.

"ಏನೇ, ಹಲ್ಲು ನೋವಾ?"

"ಅಲ್ಲ."

"ಮತ್ತೆ ಮೀನಿನ ಥರ ಬಾಯಿ ಯಾಕೆ ಮಾಡ್ತಿದ್ದೀಯ?"

"ಅಭ್ಯಾಸ ಮಾಡ್ತಿದ್ದೀನಿ. ಮೇಳದ ಹಾಡು."

"ಹಾಡೆಲ್ಲಿ?"

ಪೀಪಿ ಕನ್ನಡಿಯಲ್ಲೇ ಅಮ್ಮನ ಮುಖ ನೋಡಿದಳು. ತಿರುಗಿ ನೋಡಿ ಹೇಳಲು ಆಗದ ಮಾತಿಗೆ ಕನ್ನಡಿ ಒಳ್ಳೆಯದು.

"ನಂದು ಬರೀ ಬಾಯಿ, ಅಮ್ಮ. ಹಾಡು ಉಳಿದವರದ್ದು."

ಹುಟ್ಟಿದಾಗ ಈ ಕೂಸು ಅತ್ತ ಅಳುವಿಗೆ ವಾರ್ಡಿನ ನರ್ಸು ಕಿವಿ ಮುಚ್ಚಿಕೊಂಡು, "ಏನಮ್ಮಾ ಇದು, ಮಗೂನೋ ಪೀಪಿನೋ?" ಎಂದಿದ್ದಳು. ದೂರದೂರಿನ ಬಸ್ಸು ಓಡಿಸುವ ಅಪ್ಪ ಹಿಗ್ಗಿ ಹೀರೇಕಾಯಿಯಾಗಿ, "ನನ್ನ ಬಸ್ಸಿನ ಹಾರ್ನೇ ಮನೆಗೆ ಬಂತು!" ಎಂದು ಹೆಸರು ಖಾಯಂ ಮಾಡಿದ್ದ. ಆಮೇಲೆ ಇಟ್ಟ ಒಳ್ಳೆಯ ಹೆಸರು ಶಾಲೆಯ ಹಾಜರಿಯಲ್ಲಿ ಉಳಿಯಿತು, ಮನೆಯಲ್ಲಿ ಪೀಪಿ ಉಳಿದಳು. ಅವಳ ದನಿ ವಯಸ್ಸಿಗಿಂತ ದಪ್ಪ. ಫೋನೆತ್ತಿದರೆ ಎಷ್ಟೋ ಜನ, "ಯಜಮಾನರಾ?" ಎಂದು ಕೇಳುತ್ತಾರೆ. ಅವಳು, "ಹೌದು, ಹೇಳಿ" ಎನ್ನುತ್ತಾಳೆ.

ಅಮ್ಮ ಮಂಚದ ಅಂಚಿಗೆ ಕುಳಿತು, ಅರ್ಧ ಜಡೆಯನ್ನು ಕೈಗೆ ತೆಗೆದುಕೊಂಡಳು. ಜಡೆ ಹಾಕುವಾಗ ಮಕ್ಕಳು ಎಲ್ಲಿಗೂ ಓಡಿಹೋಗಲಾರರು, ಮುಖವನ್ನೂ ತೋರಿಸಬೇಕಿಲ್ಲ. ಎಳೆಎಳೆಯಾಗಿ ವಿಷಯ ಹೊರಗೆ ಬಂತು. ಸಂಗೀತದ ಮಿಸ್ ಒಂದು ದಿನ ಪೀಪಿಯನ್ನು ಬಾಗಿಲ ಹಿಂದಕ್ಕೆ ಕರೆದು, ತಲೆ ಸವರಿ, ಮೆಲ್ಲಗೆ ಹೇಳಿದ್ದರು. ನಿನ್ನ ದನಿ ಉಳಿದವರ ಜೊತೆ ಬೆರೀತಾ ಇಲ್ಲ ಪುಟ್ಟಿ, ನೀನು ಸಾಲಿನಲ್ಲೇ ನಿಂತುಕೋ, ಚೆನ್ನಾಗಿ ಬಾಯಿ ಆಡಿಸು ಸಾಕು. ಯಾರಿಗೂ ಹೇಳಬೇಡ, ಸುಮ್ಮನೆ ನಿನಗೇ ಬೇಜಾರು.

"ನೀನು ಏನಂದೆ?"

"ಸರಿ ಮಿಸ್ ಅಂದೆ."

"ಮನಸ್ಸಲ್ಲಿ?"

ಪೀಪಿ ಕಾಲಿನ ಸಾಕ್ಸನ್ನು ಮೇಲಕ್ಕೆ ಎಳೆದುಕೊಂಡಳು. ಜಡೆ ತುದಿಗೆ ಬಂದಿತ್ತು. "ನಾನೂ ಹಾಡಲಾ ಅಂತ ಕೇಳ್ಬೇಕು ಅನ್ನಿಸ್ತು. ಬಾಯಿ ಬರ್ಲಿಲ್ಲ."

ಬಾಯಿ ಆಡಿಸು ಎಂದವರ ಎದುರೇ ಬಾಯಿ ಬರಲಿಲ್ಲ. ಅಮ್ಮನಿಗೆ ನಗು ಬಂತು, ಆದರೂ ರಿಬ್ಬನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಕಟ್ಟಿದಳು.

"ನಾನು ಬಂದು ಕೇಳ್ಲಾ?"

"ಬೇಡ!" ಪೀಪಿ ಗಿರ್ರನೆ ತಿರುಗಿದಳು. "ನೀನು ಕೇಳಬಾರದು. ಆಣೆ ಇಡು. ನೀನು ಕೇಳಿದ್ರೆ ಅಮ್ಮನ ಕೈಲಿ ಹೇಳಿಸಿ ಹಾಡಿದಳು ಅಂತಾರೆ. ನಾನೇ ಕೇಳ್ತೀನಿ."

"ಯಾವಾಗ?"

"ಕೇಳ್ತೀನಿ ಅಂದ್ನಲ್ಲ!"

ಅಮ್ಮ ಆಣೆ ಇಟ್ಟಳು. ಇಟ್ಟ ಮೇಲೆ ಯಾಕಾದರೂ ಇಟ್ಟೆನೋ ಎನ್ನಿಸಿತು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಒಳಕೋಣೆಯಿಂದ ಅಜ್ಜಿ, "ಹಾಲು ಹೋಯ್ತು!" ಎಂದು ಹಾಲು ಪೂರ್ತಿ ಹೋದ ಮೇಲೆ ಕೂಗಿದರು.

ಅಮ್ಮ ಕೆಲಸ ಮಾಡುವುದು ಅಂಚೆಕಚೇರಿಯ ಹಿಂದಿನ ಓಣಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಲೆಟರ್‌ಹೆಡ್ಡು, ಬಿಲ್ಲುಪುಸ್ತಕ, ಆಮಂತ್ರಣ, ಶ್ರದ್ಧಾಂಜಲಿ, ಜನರ ಸುಖದುಃಖಗಳಿಗೆಲ್ಲ ಅಲ್ಲಿ ಅಕ್ಷರ ಜೋಡಿಸುವವಳು ಇವಳೇ. ಪ್ರೆಸ್ಸಿನ ಯಜಮಾನರಿಗೆ ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ. ಹುಡುಕುವುದು ಯಾವಾಗಲೂ ಹಣೆಯ ಮೇಲಿನದನ್ನು.

"ಬಂದ್ಯಾ ತಾಯಿ? ನೋಡು ನಿನ್ನ ಮಗಳ ಶಾಲೆ ಕಾರ್ಡು. ಮತ್ತೆ ವಾಪಸ್ ಬಂದಿದೆ. ಇದು ಹೋಗಿ ಬರೋದು ನೋಡಿದ್ರೆ ಇದಕ್ಕೇ ಒಂದು ಬಸ್ ಪಾಸ್ ಮಾಡಿಸ್ಬೇಕು."

ಶಾಲೆಗೆ ವಯಸ್ಸಾದ ಸಂತೋಷಕ್ಕೆ ಒಂದು ಸಮಾರಂಭ, ಅದಕ್ಕೊಂದು ಇಂಗ್ಲಿಷ್ ಕಾರ್ಡು. ಮೊದಲ ಪುಟದಲ್ಲೇ, ಈಗ ಶಾಲೆಯ ಮೇಳ ತನ್ನ ದನಿ ಎತ್ತಲಿದೆ ಎಂಬ ಅರ್ಥದ ಒಂದು ಸಾಲು. ಕನ್ನಡದಲ್ಲಿ ಹೇಳಿಬಿಟ್ಟರೆ ಮುಗಿಯಿತು. ಇಂಗ್ಲಿಷಿನಲ್ಲಿ ಮೇಳಕ್ಕೆ 'ಅದರ' ಎನ್ನುವ 'ಇಟ್ಸ್' ಹಾಕಬೇಕೋ 'ಅವರ' ಎನ್ನುವ 'ದೇರ್' ಹಾಕಬೇಕೋ ಎಂಬಲ್ಲಿ ತಿದ್ದಲು ಕಳಿಸಿದ ಪ್ರೂಫು ರಣರಂಗವಾಗಿತ್ತು. 'ದೇರ್' ಅನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಇಟ್ಸ್' ಬರೆದಿತ್ತು. 'ಇಟ್ಸ್' ಅನ್ನು ಹಸಿರು ಶಾಯಿಯಲ್ಲಿ ಹೊಡೆದು 'ದೇರ್' ಬರೆದಿತ್ತು. ಅದರ ಮೇಲೆ ಮತ್ತೆ ಕೆಂಪು, ಮತ್ತೆ ಹಸಿರು. ಕಾಗದ ಅಲ್ಲಿ ತೂತು ಬೀಳುವುದೊಂದು ಬಾಕಿ.

ಅಮ್ಮ ಶಾಲೆಗೆ ಫೋನು ಮಾಡಿದಳು. ಹೆಡ್‌ಮಿಸ್ಸೇ ಎತ್ತಿದರು.

"ನೋಡಮ್ಮ, ಮೇಳ ಅಂದ್ರೆ ಒಂದು. ನಲವತ್ತು ಗಂಟಲು, ಒಂದೇ ದನಿ. ಅದಕ್ಕೇ ಅಲ್ವಾ ಇಷ್ಟು ದಿನದಿಂದ ಆ ಸಂಗೀತದ ಮಿಸ್ ಜೀವ ತೇಯ್ತಾ ಇರೋದು? 'ಇಟ್ಸ್' ಹಾಕಿ."

ಆ ಕಡೆ ಏನೋ ಎಳೆದಾಟದ ಸದ್ದು. ಇಂಗ್ಲಿಷ್ ಮೇಷ್ಟ್ರ ದನಿ ಬಂತು. "ಅಮ್ಮಾ, ಅದನ್ನ ಹಾಕ್ಬೇಡಿ! 'ಇಟ್ಸ್' ಹಾಕಿದ್ರೆ ಮೇಳ ಒಂದು ಮೇಜು, ಒಂದು ಕುರ್ಚಿ ಥರ ಆಗುತ್ತೆ. ಅವು ಮಕ್ಕಳು ಕಣಮ್ಮ. ಒಬ್ಬೊಬ್ಬರಿಗೂ ಒಂದೊಂದು ಗಂಟಲು ಇದೆ. 'ದೇರ್' ಹಾಕಿ."

"ಫೋನ್ ಕೊಡ್ರೀ ಇಲ್ಲಿ!"

"ಒಂದು ನಿಮಿಷ ಮೇಡಂ, ನಾನು ಮುಗಿಸ್ತಾ ಇದ್ದೀನಿ..."

"ನೀವು ಯಾವತ್ತು ಮುಗಿಸಿದ್ದೀರಿ?"

ಅಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದಳು. ಯಜಮಾನರು ಆಸೆಯಿಂದ ಹತ್ತಿರ ಬಂದು ಕಿವಿ ಕೊಟ್ಟರು.

ಪ್ರೆಸ್ಸಿನಲ್ಲಿ ಒಂದು ದಪ್ಪ ವ್ಯಾಕರಣದ ಪುಸ್ತಕವಿತ್ತು, ಹೆಚ್ಚಾಗಿ ಕಾಗದದ ಕಟ್ಟುಗಳ ಮೇಲೆ ಭಾರ ಇಡಲು ಬಳಕೆಯಾಗುತ್ತಿದ್ದದ್ದು. ಅಮ್ಮ ಧೂಳು ಕೊಡವಿ ತೆಗೆದು ಓದಿದಳು. ಗುಂಪಿನ ಹೆಸರುಗಳಿಗೆ ಒಂದು ದೇಶದ ಇಂಗ್ಲಿಷಿನವರು ಸಾಮಾನ್ಯವಾಗಿ ಏಕವಚನವನ್ನೇ ಹಾಕುತ್ತಾರಂತೆ, ಇನ್ನೊಂದು ದೇಶದವರು ಎರಡನ್ನೂ ಹಾಕುತ್ತಾರಂತೆ. ಗುಂಪು ಒಂದಾಗಿ ನಡೆದುಕೊಂಡರೆ ಏಕವಚನ ಚೆನ್ನ, ಗುಂಪಿನೊಳಗಿನ ಒಬ್ಬೊಬ್ಬರನ್ನು ನೆನೆದು ಹೇಳುವಾಗ ಬಹುವಚನ ಚೆನ್ನ. ಯಾವುದನ್ನು ಹಿಡಿದರೂ ಕೊನೆತನಕ ಅದನ್ನೇ ಹಿಡಿಯಬೇಕು, ನಡುವೆ ಕೈ ಬದಲಿಸಬಾರದು. ಅಂದರೆ ಇಬ್ಬರೂ ಸರಿ. ಇಬ್ಬರೂ ಸರಿ ಇರುವ ಜಗಳದಷ್ಟು ಉದ್ದದ ಜಗಳ ಇನ್ನೊಂದಿಲ್ಲ ಎಂದು ಮನೆ ನಡೆಸುವವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮತ್ತೆ ಫೋನು ಮಾಡಿ ಇಷ್ಟನ್ನೂ ಹೇಳಿದಳು.

"ಹಾಗಾದ್ರೆ ಒಂದು ಕೆಲಸ ಮಾಡಿ," ಎಂದರು ಹೆಡ್‌ಮಿಸ್. "ನಾಳೆ ಪೂರ್ತಿ ಅಭ್ಯಾಸ ಇದೆ. ನೀವೇ ಬಂದು ಕೇಳಿ. ಒಂದೇ ದನಿ ಕೇಳಿಸಿದ್ರೆ ನಂದು. ನಲವತ್ತು ಕೇಳಿಸಿದ್ರೆ ಮೇಷ್ಟ್ರದ್ದು."

"ಒಪ್ಪಿದೆ!" ಎಂದು ಹಿಂದಿನಿಂದ ಮೇಷ್ಟ್ರು ಕೂಗಿದರು.

ಅಮ್ಮ ಫೋನು ಇಟ್ಟಳು. ಮೇಳದ ಮುಂದೆ ಹೋಗಿ ಕೂರುವುದು, ಮಗಳ ಬಾಯಿ ಸುಮ್ಮನೆ ತೆರೆದು ಮುಚ್ಚುವುದನ್ನು ನೋಡುವುದು, ಆಣೆ ನುಂಗಿಕೊಂಡು ಬಾಯಿ ಮುಚ್ಚಿಕೊಂಡಿರುವುದು. ಮೇಳದಲ್ಲಿ ದನಿ ತೆಗೆಯದವರು ತಾಯಿ ಮಗಳು ಇಬ್ಬರಾದಂತಾಯಿತು.

ರಾತ್ರಿ ಊಟದ ಹೊತ್ತಿಗೆ ಅವಳು ಈ ಕಥೆ ಹೇಳಿದಾಗ ಅಜ್ಜಿಗೆ ಎಲ್ಲಿಲ್ಲದ ಹುರುಪು ಬಂತು.

"ಇದಕ್ಕೆ ಇಷ್ಟು ಗಲಾಟೆನಾ? ನಮ್ಮಲ್ಲಿ ಒಂದು 'ಅವರು' ಅಂಟಿಸಿದ್ರೆ ಆಯ್ತಪ್ಪ. ಮೇಳ ಬಂತು, ಮೇಳದವರು ಬಂದರು. ಮನೆ ಅಲ್ಲೇ ಇದೆ, ಮನೆಯವರು ಹೊರಗೆ ಹೋದರು."

"ಅತ್ತೆ, ನೀವು ಮಾವನವರನ್ನೂ ಮನೆಯವರು ಅಂತಲೇ ಕರೀತಿದ್ರಲ್ಲ. ಅವರು ಒಬ್ಬರೇ ಅಲ್ವಾ?"

"ಒಬ್ಬರಾ?" ಅಜ್ಜಿ ತಟ್ಟೆಯಿಂದ ಕೈ ಎತ್ತಿದರು. "ಸ್ನಾನಕ್ಕೆ ಬಿಸಿನೀರು ಕೇಳೋವಾಗ ಒಬ್ಬ, ಊಟಕ್ಕೆ ಕೂತಾಗ ನಾಲ್ಕು ಜನ, ಕೆಲಸ ಹೇಳಿದಾಗ ಯಾರೂ ಇಲ್ಲ. ಅದಕ್ಕೇ ನಾನು ಲೆಕ್ಕ ಇಡೋದು ಬಿಟ್ಟು ಒಟ್ಟಿಗೆ ಮನೆಯವರು ಅಂದೆ."

ಪೀಪಿ ನಗುತ್ತಾಳೆ ಎಂದು ಅಮ್ಮ ಕಾದಳು. ಪೀಪಿ ತಟ್ಟೆಯ ಅಂಚಿನಲ್ಲಿ ಬೆರಳಿಂದ ಗೆರೆ ಎಳೆಯುತ್ತಿದ್ದಳು.

"ಅಮ್ಮ, ಸುಮ್ನೆ ನಿಂತಿರೋರು ಇಟ್ಸ್‌ಗೆ ಸೇರ್ತಾರಾ, ದೇರ್‌ಗೆ ಸೇರ್ತಾರಾ?"

"ಸುಮ್ನೆ ಯಾರು ನಿಂತಿರ್ತಾರೆ?" ಎಂದರು ಅಜ್ಜಿ, ಏನೂ ತಿಳಿಯದೆ.

ಅಮ್ಮ ಲೋಟಕ್ಕೆ ನೀರು ತುಂಬಿಸಿ ಮಗಳ ಮುಂದಿಟ್ಟಳು. ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಇಟ್ಸ್‌ನಲ್ಲಿ ಆದ್ರೆ ಅಡಗಿಕೊಂಡು ನಿಲ್ಲಬಹುದು ಪುಟ್ಟಿ. ದೇರ್‌ನಲ್ಲಿ ನಿಂತ್ರೆ ಒಂದಲ್ಲ ಒಂದು ದಿನ ಯಾರಾದ್ರೂ ಎಣಿಸ್ತಾರೆ."

ಪೀಪಿ ನೀರು ಕುಡಿದಳು. ಮಾರನೆಯ ದಿನ ಅಮ್ಮ ಶಾಲೆಗೆ ಬರುತ್ತಾಳೆಂದು ತಿಳಿದಾಗ ಇನ್ನೊಮ್ಮೆ ಆಣೆ ಹಾಕಿಸಿಕೊಂಡಳು. ಈ ಸಲ ಬೆಕ್ಕಿನ ಮೇಲೆ.

ಶಾಲೆಯ ಸಭಾಂಗಣದಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ವೇದಿಕೆಯ ಮೇಲೆ ಮೆಟ್ಟಿಲಿನಂತೆ ಬೆಂಚು ಜೋಡಿಸಿ ಮಕ್ಕಳನ್ನು ನಿಲ್ಲಿಸಿದ್ದರು. ಎಲ್ಲರದೂ ಒಂದೇ ಸಮವಸ್ತ್ರ, ಒಂದೇ ಥರ ಹಿಂದೆ ಕಟ್ಟಿದ ಕೈ. ಹಿಂದಿನ ಸಾಲಿನ ತುದಿಯಲ್ಲಿ ಪೀಪಿ. ಅಮ್ಮನನ್ನು ಕಂಡದ್ದೇ ಕಣ್ಣು ದೊಡ್ಡದು ಮಾಡಿದಳು. ಕೇಳಬೇಡ ಎಂಬುದನ್ನು ಕಣ್ಣಲ್ಲಿ ಅಷ್ಟು ಜೋರಾಗಿ ಹೇಳಬಹುದೆಂದು ಅಮ್ಮನಿಗೆ ಗೊತ್ತಿರಲಿಲ್ಲ.

ಮುಂದಿನ ಕುರ್ಚಿಗಳಲ್ಲಿ ಹೆಡ್‌ಮಿಸ್ ಒಂದು ಕಡೆ, ಇಂಗ್ಲಿಷ್ ಮೇಷ್ಟ್ರು ಇನ್ನೊಂದು ಕಡೆ. ನಡುವೆ ಅಮ್ಮ, ಮಡಿಲಲ್ಲಿ ಪ್ರೂಫು, ಕೈಯಲ್ಲಿ ಪೆನ್ಸಿಲು. ಪಂದ್ಯ ನೋಡಲು ಬಂದವರಂತೆ ಮೇಷ್ಟ್ರು ತೋಳು ಮಡಿಸಿಕೊಂಡರು.

ಸಂಗೀತದ ಮಿಸ್ ಸಣ್ಣ ಆಳು. ಕತ್ತಿಗೆ ಸ್ಕಾರ್ಫು, ಕೆನ್ನೆಯೊಳಗೆ ಸದಾ ಗಂಟಲಿನ ಮಿಠಾಯಿ. ಸಿಡುಕುವವರಲ್ಲ. ಕಿವಿ ಮಾತ್ರ ಬಹಳ ಚುರುಕು. ಪಕ್ಕದ ತರಗತಿಯಲ್ಲಿ ಯಾರ ಜ್ಯಾಮಿಟ್ರಿ ಡಬ್ಬಿ ಬಿತ್ತು ಎಂದು ಸದ್ದಿನಲ್ಲೇ ಹೇಳುವಷ್ಟು. ಅವರ ಪಕ್ಕದಲ್ಲಿ ಒಂದು ಸ್ಪೀಕರ್ ಪೆಟ್ಟಿಗೆ. ಹಿಂದೆ ಓದಿ ಹೋದ ಮಕ್ಕಳಿಂದ ಇದೇ ಹಾಡನ್ನು ಹಾಡಿಸಿ ಧ್ವನಿಮುದ್ರಿಸಿಕೊಂಡಿದ್ದರು. ದಿನಾ ಅದನ್ನು ಹಾಕಿ, ಅದರ ಜೊತೆ ಈ ಮಕ್ಕಳನ್ನು ಹಾಡಿಸುವುದು ಅವರ ಪದ್ಧತಿ.

ಮಿಸ್ ಗುಂಡಿ ಒತ್ತಿದರು, ಕೈ ಎತ್ತಿದರು. ಬೆಳಗನ್ನು ಕಿಟಕಿಯಿಂದ ಒಳಗೆ ಕರೆಯುವ ಹಾಡು. ಸಭಾಂಗಣ ತುಂಬಿತು. ನಲವತ್ತು ಬಾಯಿ ಒಟ್ಟಿಗೆ ತೆರೆದು, ಒಟ್ಟಿಗೆ ದುಂಡಗಾಗಿ, ಒಟ್ಟಿಗೆ ಮುಚ್ಚಿದವು.

"ನೋಡಿದ್ರಾ?" ಹೆಡ್‌ಮಿಸ್ ಅಮ್ಮನ ಕಡೆ ಬಾಗಿದರು. "ಒಂದೇ ದನಿ. ಬರ್ಕೊಳ್ಳಿ."

"ಅದು ಪೆಟ್ಟಿಗೆ ದನಿ ಮೇಡಂ," ಎಂದರು ಮೇಷ್ಟ್ರು. "ಪೆಟ್ಟಿಗೆಗೆ ಬೇಕಾದ್ರೆ ನಾನೂ 'ಇಟ್ಸ್' ಹಾಕ್ತೀನಿ."

ಹೆಡ್‌ಮಿಸ್ ಮುಖ ಕೆಂಪಾಯಿತು. ಎದ್ದು ನಿಂತು, "ಮಿಸ್, ಆ ಪೆಟ್ಟಿಗೆ ನಿಲ್ಲಿಸಿ. ಬರೀ ಮಕ್ಕಳು ಹಾಡಲಿ. ಇವರಿಗೆ ಕೇಳಿಸ್ಬೇಕಂತೆ," ಎಂದರು.

ಸಂಗೀತದ ಮಿಸ್ ಒಂದು ಕ್ಷಣ ಅಳುಕಿದರು. ಪೆಟ್ಟಿಗೆಯ ಗುಂಡಿ ಒತ್ತಿ, ಸ್ಕಾರ್ಫು ಸರಿಮಾಡಿಕೊಂಡು, ಮತ್ತೆ ಕೈ ಎತ್ತಿದರು.

ನಲವತ್ತು ಬಾಯಿ ಅಂದವಾಗಿ ತೆರೆದುಕೊಂಡವು. ಹುಬ್ಬುಗಳು ಏರಿದವು. ಕತ್ತುಗಳು ತೂಗಿದವು.

ಸಭಾಂಗಣದಲ್ಲಿ ಮೇಲಿನ ಫ್ಯಾನಿನ ಕಿರಕಿರ ಕೇಳಿಸಿತು. ಹೊರಗೆ ಯಾರೋ ಬೆಂಚು ಎಳೆದದ್ದು ಕೇಳಿಸಿತು. ಇವೆರಡರ ನಡುವೆ, ಮುಂದಿನ ಸಾಲಿನಲ್ಲಿ ನಿಂತ ಎರಡು ಜಡೆಯ ಪುಟಾಣಿಯೊಬ್ಬಳ ದನಿ, ಸೊಳ್ಳೆಯಷ್ಟು ಸಣ್ಣಗೆ, ಬೆಳಗನ್ನು ಒಬ್ಬಳೇ ಕರೆಯುತ್ತಿತ್ತು.

ಒಂದು ಸಾಲು ಹಾಡಿದ ಮೇಲೆ ಆ ಪುಟಾಣಿಗೂ ಅನುಮಾನ ಬಂತು. ನಿಲ್ಲಿಸಿ ಹಿಂದೆ ತಿರುಗಿ ನೋಡಿದಳು. ಹಿಂದಿದ್ದವರೆಲ್ಲ ಇನ್ನೂ ಶ್ರದ್ಧೆಯಿಂದ ಬಾಯಿ ಆಡಿಸುತ್ತಿದ್ದರು. ನಿಧಾನವಾಗಿ ಒಬ್ಬೊಬ್ಬರೇ ಪಕ್ಕದವರ ಮುಖ ನೋಡಿದರು. ಪಕ್ಕದವರು ಇವರ ಮುಖ ನೋಡಿದರು. ಬಾಯಿಗಳು ತೆರೆದಲ್ಲೇ ನಿಂತವು.

"ಈಗ ಸರಿಯಾಯ್ತು ಮೇಡಂ," ಎಂದರು ಇಂಗ್ಲಿಷ್ ಮೇಷ್ಟ್ರು, ತುಂಬಾ ಮೆಲ್ಲಗೆ. "ನೀವು ಹೇಳಿದ ಹಾಗೇ, ಒಂದೇ ದನಿ."

ಹೆಡ್‌ಮಿಸ್ ಅವರ ಕಡೆ ನೋಡಲೂ ಇಲ್ಲ. "ಮಿಸ್, ಏನಿದು? ಮಕ್ಕಳಿಗೆ ಗಂಟಲು ಬಿದ್ದೋಯ್ತಾ?"

ಸಂಗೀತದ ಮಿಸ್ಸಿನ ಕೈ ಗಾಳಿಯಲ್ಲೇ ಉಳಿದಿತ್ತು. ಅದನ್ನು ಇಳಿಸಲು ಮರೆತೇ ಅವರು ಮಕ್ಕಳನ್ನು ಕೇಳಿದರು. "ನಾನು... ಬರೀ ಬಾಯಿ ಆಡಿಸಿ ಅಂತ ಯಾರ್ಯಾರಿಗೆ ಹೇಳಿದ್ದೆ? ಕೈ ಎತ್ತಿ ನೋಡೋಣ."

ಮೊದಲು ಒಂದು ಕೈ. ಆಮೇಲೆ ಎರಡು. ಆಮೇಲೆ ಗಾಳಿ ಬಂದಾಗ ಹುಲ್ಲು ಏಳುವ ಹಾಗೆ ಸಾಲುಸಾಲಾಗಿ ಎದ್ದವು. ಪ್ರತಿ ಮಗುವೂ ಕೈ ಎತ್ತುವಾಗ ತಲೆ ತಗ್ಗಿಸಿತ್ತು. ಸುತ್ತ ನೋಡಿದ ಮೇಲೆ ತಲೆ ಎತ್ತಿತು.

"ನಿನಗೂ ಹೇಳಿದ್ರಾ?"

"ನಿನಗೂನಾ? ನಾನೊಬ್ನೇ ಅನ್ಕೊಂಡಿದ್ದೆ!"

"ನಾನು ನಿನ್ನ ದನಿಗೆ ಹೆದರಿ ಇನ್ನೂ ಮೆತ್ತಗೆ ಬಾಯಿ ಆಡಿಸ್ತಿದ್ದೆ ಕಣೋ!"

"ನಂಗೆಲ್ಲಿ ದನಿ ಇತ್ತೋ!"

ಸಂಗೀತದ ಮಿಸ್ ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟರು. "ಅಯ್ಯೋ, ಇಷ್ಟು ಜನಕ್ಕಾ? ದಿನಕ್ಕೆ ಒಬ್ಬರಿಗೋ ಇಬ್ಬರಿಗೋ ಹೇಳಿದ್ದೆ ಮೇಡಂ, ಅಷ್ಟೇ. ಒಂದು ಅಪಸ್ವರ ತೆಗೆದ್ರೆ ಅದರ ಹಿಂದಿನದು ಕೇಳಿಸೋದು. ಅದನ್ನ ತೆಗೆದ್ರೆ ಇನ್ನೊಂದು. ಇನ್ನೊಂದೇ ಒಂದು, ಆಮೇಲೆ ಎಲ್ಲ ಸರಿಹೋಗುತ್ತೆ ಅಂತ..."

ಅಮ್ಮನಿಗೆ ತಟ್ಟನೆ ತನ್ನ ಮೊರ ನೆನಪಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸಲು ಕುಳಿತು, ಮನಸ್ಸು ಸರಿಯಿಲ್ಲದ ದಿನ, ಇದು ಮುರುಕು, ಇದು ಮಾಸಲು, ಇದು ಗಿಡ್ಡ ಎಂದು ತೆಗೆಯುತ್ತಾ ಹೋದರೆ ಕೊನೆಗೆ ಮೊರದಲ್ಲಿ ಏನು ಉಳಿಯುತ್ತದೆ? ಮಿಸ್ ಕೆಟ್ಟವರಲ್ಲ. ಆರಿಸುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಕಣ್ಣಲ್ಲಿ ನೀರು ಬಂದಿತ್ತು. ಮಿಠಾಯಿ ಈ ಕೆನ್ನೆಯಿಂದ ಆ ಕೆನ್ನೆಗೆ ಹೋಗುತ್ತಿತ್ತು.

ಅಮ್ಮನ ಚೀಲದಲ್ಲಿ ಫೋನು ಗುರ್ರೆಂದಿತು. ಯಜಮಾನರು. ತೆಗೆದು, ಅಂಗೈ ಅಡ್ಡ ಹಿಡಿದು, "ಸಾರ್?" ಎಂದಳು.

"ಏನಾಯ್ತು ತಾಯಿ? ಇಟ್ಸಾ, ದೇರಾ? ಮೆಷಿನ್ ಕಾಯ್ತಾ ಇದೆ."

"ಸ್ವಲ್ಪ ತಡೀರಿ ಸಾರ್. ಮೇಳ ಇನ್ನೂ ಹಾಡಿಲ್ಲ."

ವೇದಿಕೆಯ ಮೇಲೆ ಗುಸುಗುಸು ನಗುವಾಗಿ, ನಗು ನಿಂತು, ಮಕ್ಕಳೆಲ್ಲ ಈಗ ಮಿಸ್ಸಿನ ಮುಖ ನೋಡುತ್ತಿದ್ದರು. ಎತ್ತಿದ ಕೈಗಳು ಒಂದೊಂದೇ ಇಳಿದವು. ಮುಂದೇನು ಎಂದು ಯಾರೂ ಹೇಳಲಿಲ್ಲ. ಹೆಡ್‌ಮಿಸ್ ಕೆಂಪು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಎಂದೂ ಮಾತು ಮುಗಿಸದ ಮೇಷ್ಟ್ರಿಗೂ ಮಾತು ಸಿಗಲಿಲ್ಲ.

ಒಂದು ಮಾತು ಅಮ್ಮನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಎಷ್ಟು ಸಣ್ಣ ಮಾತು. ಅವಳು ಹೇಳಿಬಿಟ್ಟರೆ ಈ ಸಭಾಂಗಣ ಹಗುರಾಗುತ್ತದೆ, ಮಿಸ್ ಕಣ್ಣೊರೆಸಿಕೊಳ್ಳುತ್ತಾರೆ, ಮೆಷಿನ್ನೂ ತಿರುಗುತ್ತದೆ. ಆದರೆ ಆಗ ಆ ಮಾತು ಅಮ್ಮನದಾಗುತ್ತದೆ. ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿಕೊಂಡು, ಹಿಂದಿನ ಸಾಲಿನ ತುದಿಯನ್ನು ನೋಡುತ್ತಾ ಕುಳಿತಳು.

ಅಲ್ಲಿ ಒಂದು ಕೈ ಇನ್ನೂ ಇಳಿದಿರಲಿಲ್ಲ.

"ಏನು ಪುಟ್ಟಿ? ನಿನ್ನ ಕೈ ನೋಡಿದೆ," ಎಂದರು ಮಿಸ್, ಸೋತ ದನಿಯಲ್ಲಿ. "ಇಳಿಸು."

ಪೀಪಿ ಇಳಿಸಲಿಲ್ಲ. ಬಾಯಿ ತೆರೆದಳು. ಏನೂ ಬರಲಿಲ್ಲ. ಅಭ್ಯಾಸ ಅಷ್ಟು ಚೆನ್ನಾಗಿ ಆಗಿತ್ತು. ಮುಚ್ಚಿದಳು. ಎಂಜಲು ನುಂಗಿದಳು. ಅಮ್ಮನ ಕಡೆ ನೋಡಲಿಲ್ಲ, ಕನ್ನಡಿಯ ಕಡೆ ನೋಡಲು ಅಲ್ಲಿ ಕನ್ನಡಿಯೂ ಇರಲಿಲ್ಲ. ನೇರವಾಗಿ ಮಿಸ್ಸಿನ ಕಡೆಗೇ ನೋಡಿದಳು. ಮತ್ತೆ ತೆರೆದಾಗ, ದೂರದೂರಿನ ಬಸ್ಸೊಂದು ತಿರುವಿನಲ್ಲಿ ಹಾರ್ನ್ ಹೊಡೆದಂತೆ, ಆ ದಪ್ಪ ದನಿ ಫ್ಯಾನನ್ನೂ ಬೆಂಚುಗಳನ್ನೂ ದಾಟಿ ಸಭಾಂಗಣದ ಕೊನೆಯ ಗೋಡೆಗೆ ಹೋಗಿ ಮುಟ್ಟಿತು.

"ಮಿಸ್, ನಾನೂ ಹಾಡಲಾ?"